ಪ್ರೆಸ್ಸಿನ ಗಂಟೆ

ಕಳೆದ ತಿಂಗಳು ಮದುವೆಯೊಂದಕ್ಕೆ ಆದವಾನಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ಛತ್ರದ ಕಡೆ ನಡೆಯುವಾಗ ಗಾದಿ ಹೊಲಿಯುವವನ ಅಂಗಡಿಯ ಮುಂದೆ ಹತ್ತಿ ಹಿಂಜುತ್ತಿದ್ದರು. ಅರಳೆಯ ಎಳೆಯೊಂದು ಗಾಳಿಯಲ್ಲಿ ತೇಲಿ ಬಂದು ತುಟಿಗೆ ಅಂಟಿತು. ಹೊಸ ಅರಳೆಗೆ ತನ್ನದೇ ವಾಸನೆ ಇದೆ. ಕಾದ ಮಣ್ಣು, ಬೀಜದ ಎಣ್ಣೆಯ ಜಿಡ್ಡು, ಬೆಲ್ಟಿನ ಸುಟ್ಟ ರಬ್ಬರು ಎಲ್ಲ ಅದರಲ್ಲಿ ಬೆರೆತಿರುತ್ತದೆ. ನಾನು ಪಕ್ಕದ ಗೋಡೆ ಹಿಡಿದು ನಿಂತುಬಿಟ್ಟೆ.

“ಯಾಕಕ್ಕಾ, ಬಿಪಿ ಗುಳಿಗಿ ತಗೊಂಡಿಲ್ಲೇನು?” ಎಂದಳು ಜೊತೆಗಿದ್ದ ತಂಗಿ.

ಗುಳಿಗೆ ತಗೊಂಡಿದ್ದೆ. ಆದರೆ ಆ ಕ್ಷಣಕ್ಕೆ ನಾನು ಛತ್ರದ ದಾರಿಯಲ್ಲಿ ಇರಲಿಲ್ಲ. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲದ ಒಂದು ಹತ್ತಿ ಸೀಜನ್ನಿನಲ್ಲಿ, ಅರಳೆ ಒತ್ತುವ ಪ್ರೆಸ್ಸಿನ ಅಟ್ಟದ ಮೇಲೆ ನಿಂತಿದ್ದೆ.

ಆ ವರ್ಷ ನಾನು ಬಿ.ಎಸ್ಸಿ. ಮುಗಿಸಿದ್ದೆ. ನಮ್ಮದು ಹೊಳಗುಂದ. ಮನೆಯಲ್ಲಿ ಮದುವೆ ಮಾತು ನಡೆದಿತ್ತು. ಅದು ಗಟ್ಟಿಯಾಗುವವರೆಗೆ ಸುಮ್ಮನೆ ಕೂಡುವುದು ಬೇಡವೆಂದು ಅಪ್ಪ ಆದವಾನಿಯ ಗುರುತಿನ ಸಾವುಕಾರರ, ಹತ್ತಿಯ ಬೀಜ ಬಿಡಿಸುವ ಜಿನ್ನು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹಚ್ಚಿದರು. ಟೈಪಿಂಗ್ ಬರುತ್ತಿದ್ದುದರಿಂದ ಆಫೀಸಿನಲ್ಲಿ ಹೊಸದಾಗಿ ಬಂದಿದ್ದ ಕಂಪ್ಯೂಟರಿನ ಮುಂದೆ ನನ್ನನ್ನು ಕೂಡಿಸಿದರು. ಅದನ್ನು ನೋಡಲು ಊರಿನ ವ್ಯಾಪಾರಿಗಳು ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು.

ಅದನ್ನು ತಂದು ಕೂಡಿಸಿದವರು ಶ್ರೀನಿವಾಸಾಚಾರ್ರು. ಅವರ ಅಣ್ಣ ಗುಡಿಯ ಅರ್ಚಕರು. ಇವರು ಇಂಜಿನಿಯರಿಂಗ್ ಓದಿ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದರು. ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೈಕಲ್ ತುಳಿದುಕೊಂಡು ಫ್ಯಾಕ್ಟರಿಗೆ ಬರುತ್ತಿದ್ದರು. ಯಂತ್ರದೊಳಗೆ ಅವರು ಹಾಕಿದ್ದ ಆಪರೇಟಿಂಗ್ ಸಿಸ್ಟಮ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಕಾಲೇಜಿನ ಹುಡುಗರು ಕಲಿಯಲೆಂದು ಪರದೇಶದಲ್ಲಿ ಯಾರೋ ಮೇಷ್ಟರು ಬರೆದದ್ದು. ಅದರ ಮೂಲ ಬರಹವೂ ಜೊತೆಗೇ ಫ್ಲಾಪಿಯಲ್ಲಿ ಬರುತ್ತಿತ್ತು. ತೆರೆದು ಓದಬಹುದು, ತಿದ್ದಬಹುದು. ಆಚಾರ್ರ ಸ್ನೇಹಿತರು ಹೈದರಾಬಾದಿನಲ್ಲಿ, ಬೆಂಗಳೂರಿನಲ್ಲಿ ಅದೇ ಬರಹವನ್ನು ತಿದ್ದುತ್ತಿದ್ದರು. ಒಬ್ಬರು ಕಂಡ ತಪ್ಪನ್ನು ಇನ್ನೊಬ್ಬರಿಗೆ ಟಪಾಲಿನಲ್ಲಿ ಕಳಿಸುತ್ತಿದ್ದರು.

“ಇದರ ಒಳಗಿನ ತಿರುಳಿಗೆ ಕರ್ನೆಲ್ ಅಂತಾರಮ್ಮ” ಎಂದು ನನಗೆ ಹೇಳಿಕೊಟ್ಟಿದ್ದರು. “ತೂಕದ ಕಾಟಾದ ಜೋಡಿ ಮಾತಾಡ್ಲಿಕ್ಕೆ ಒಂದು ಡ್ರೈವರ್, ಪ್ರೆಸ್ಸಿನ ಗಂಟಿ ಜೋಡಿ ಮಾತಾಡ್ಲಿಕ್ಕೆ ಇನ್ನೊಂದು. ಎಲ್ಲಾ ಬರೇ ಬರವಣಿಗಿ. ಇವು ತಿರುಳಿನ್ಯಾಗೇ ಸೇರ್ಕೊಂಡಿರ್ತಾವ.”

ಆಗ ಪ್ರೆಸ್ಸಿನ ಈರಣ್ಣ ಕಿಟಕಿಯಲ್ಲಿ ತಲೆ ಹಾಕಿ ಕೇಳಿದ್ದ: “ಸ್ವಾಮಿ, ಆ ಡ್ರೈವರ್‌ಗೆ ಲೈಸೆನ್ಸ್ ಐತೇನ್ರಿ? ಇಲ್ಲಾಂದ್ರ ಪೊಲೀಸರು ಮಾಮೂಲು ಕೇಳ್ತಾರ ನೋಡ್ರಿ.”

ಈರಣ್ಣನ ಕೆಲಸ ಅರಳೆ ತುಳಿಯುವುದು. ಪ್ರೆಸ್ಸೆಂದರೆ ಆಳೆತ್ತರಕ್ಕೂ ಮಿಗಿಲಾದ ಕಬ್ಬಿಣದ ಪೆಟ್ಟಿಗೆ. ಅದರ ಬುಡ ನೆಲದಲ್ಲಿ, ಬಾಗಿಲು ಅಟ್ಟದ ಮಟ್ಟದಲ್ಲಿ. ಬೀಜ ಬಿಡಿಸಿದ ಅರಳೆಯನ್ನು ಹೊರೆ ಹೊರೆಯಾಗಿ ತಂದು, ಅಟ್ಟದ ಮೇಲಿನ ಕಾಟಾದಲ್ಲಿ ತೂಗಿ ಪೆಟ್ಟಿಗೆಯೊಳಗೆ ಹಾಕುವರು. ಈರಣ್ಣ ಒಳಗಿಳಿದು ಬರಿಗಾಲಲ್ಲಿ ಅದನ್ನು ತುಳಿತುಳಿದು ಕೂಡಿಸುವನು. ಅರಳೆ ಏರಿದ ಹಾಗೆ ಅವನೂ ಏರುತ್ತಾ ಬಂದು, ಒಂದು ಬೇಲು, ಅಂದರೆ ಒತ್ತಿ ಕಟ್ಟಿದ ಒಂದು ಅರಳೆ ಪಿಂಡಿಗೆ ಸಾಕಾದಾಗ ಬಾಗಿಲಿನಿಂದ ಹೊರಗೆ ಬರುವನು. ಬಾಗಿಲ ಬಳಿ ನಿಂತ ತಿಮ್ಮಪ್ಪ ಅಗಳಿ ಜಡಿದು ಒಂದು ಸ್ವಿಚ್ ಒತ್ತುವನು. ಕೆಳಗಿನ ಪಂಪ್ ಕೋಣೆಯಲ್ಲಿ ಗಂಟೆ ಹೊಡೆಯುವುದು. ಖಾಜಾ ಮಿಯಾ ವಾಲ್ವ್ ತಿರುಗಿಸುವನು. ಪೆಟ್ಟಿಗೆಯ ತಳ ಮೇಲೇರಿ ಅರಳೆಯನ್ನೆಲ್ಲ ಮೇಲಿನ ಕಬ್ಬಿಣದ ಹಲಗೆಗೆ ಒತ್ತಿ ಕಲ್ಲು ಮಾಡುವುದು.

ಪಂಪ್ ಕೋಣೆಯಿಂದ ಪೆಟ್ಟಿಗೆ ಕಾಣಿಸುತ್ತಿರಲಿಲ್ಲ. ನಡುವೆ ಗೋಡೆ, ಮೆಟ್ಟಿಲು. ಖಾಜಾ ಮಿಯಾನಿಗೆ ಮೇಲಿನ ಲೋಕವೆಲ್ಲ ಆ ಗಂಟೆಯೊಳಗೇ ಇತ್ತು.

ಕಂಪ್ಯೂಟರ್ ಬಂದ ಮೇಲೆ ತಿಮ್ಮಪ್ಪನ ಸ್ವಿಚ್ಚಿನ ತಂತಿಯನ್ನು ಆಚಾರ್ರು ಅದರ ಮೂಲಕ ಹಾಯಿಸಿದರು. ಒತ್ತಿದಾಗಲೆಲ್ಲ ಒಂದು ಬೇಲು ಎಂದು ಯಂತ್ರ ಎಣಿಸಿಕೊಂಡು, ತಾನೇ ಗಂಟೆ ಹೊಡೆಯುತ್ತಿತ್ತು. ಕಾಟಾದ ತೂಕವೂ ನೇರ ಬಂದು ಪರದೆಯ ಮೇಲೆ ಮೂಡುತ್ತಿತ್ತು. ಸಾವುಕಾರರು ಮೀಸೆ ತಿರುವಿದರು.

ಆದರೆ ಕಾಟಾ ಸರಿಯಾಗಿ ಮಾತಾಡಲೊಲ್ಲದು. ಆಚೆ ಜಿನ್ನಿನ ಮೋಟಾರು ಶುರುವಾದರೆ ಪರದೆಯ ಮೇಲೆ ಅಂಕಿಗಳು ಹಾರಾಡುತ್ತಿದ್ದವು. ಸಂದುಗಳಿಗೆಲ್ಲ ಅರಳೆ ಧೂಳು ಹೋಗುತ್ತಿತ್ತು. ಅದಕ್ಕೇ ಆಚಾರ್ರ ದಿನನಿತ್ಯದ ದುರಸ್ತಿ. ಡ್ರೈವರಿನಲ್ಲಿ ಒಂದೆರಡು ಸಾಲು ತಿದ್ದುವುದು, ಇಡೀ ಕರ್ನೆಲನ್ನು ಮತ್ತೆ ಕಟ್ಟುವುದು, ಯಂತ್ರವನ್ನು ಆರಿಸಿ ಎಬ್ಬಿಸುವುದು, ನೋಡುವುದು. ಬೇಸರದ ಕೆಲಸ. ಅವರ ಅಣ್ಣ ದಿನಾ ದೇವರ ಪಾತ್ರೆ ತಿಕ್ಕುವ ಹಾಗೆ ಇವರು ಇದನ್ನು ಮಾಡುತ್ತಿದ್ದರು, ಅವಸರವಿಲ್ಲ, ಗೊಣಗಾಟವಿಲ್ಲ.

ಯಂತ್ರ ಎದ್ದಾಗಲೆಲ್ಲ ಪಂಪ್ ಕೋಣೆಯ ಗಂಟೆ ಒಂದು ಸಲ ತಾನಾಗಿ ಹೊಡೆಯುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಊಟದ ಹೊತ್ತು, ಪಂಪು ನಿಂತಿರುತ್ತಿತ್ತು. ಖಾಜಾ ಮಿಯಾ ಅದರ ಪಕ್ಕದಲ್ಲೇ ಬುತ್ತಿ ಬಿಚ್ಚಿ ಕುಳಿತಿರುತ್ತಿದ್ದ.

“ಅರೇ, ಕಂಪ್ಯೂಟರ್ ಸಾಬ್ ಊಟಕ್ಕ ಕರೀತಾರ!” ಎಂದು ಕೂಗುತ್ತಿದ್ದ ಕೆಳಗಿನಿಂದ. “ಈರಣ್ಣಾ, ನಿನ್ ರೊಟ್ಟಿ ತಗೊಂಡ್ ಬಾ. ನನ್ ಬೀವಿ ಇವತ್ತೂ ಬದನಿಕಾಯಿನೇ ಕಟ್ಯಾಳ.”

ಇಬ್ಬರೂ ದಿನಾ ಒಟ್ಟಿಗೇ ಉಣ್ಣುತ್ತಿದ್ದರು. ಈರಣ್ಣ ಮದ್ದಿಕೇರದ ಕಡೆಯವನು. ಸೀಜನ್ನಿಗೆಂದು ಬಂದು ಖಾಜಾ ಮಿಯಾನ ಮನೆಯ ಹಿಂದಿನ ಕೋಣೆಯಲ್ಲೇ ಇರುತ್ತಿದ್ದ. ಹಾಗಾಗಿ ಆ ಗಂಟೆ ನಮಗೆಲ್ಲ ಒಂದು ನಗೆಚಾಟಿಕೆಯಾಗಿ ಹೋಯಿತು. ಅದು ಯಾಕೆ ಹೊಡೆಯುತ್ತದೆ ಎಂದು ಕೇಳಬೇಕೆಂದು ಯಾರಿಗೂ ಅನಿಸಲಿಲ್ಲ, ಬಿ.ಎಸ್ಸಿ. ಓದಿದ ನನಗೂ ಅನಿಸಲಿಲ್ಲ. ನಗು ಬಂದ ಮೇಲೆ ಪ್ರಶ್ನೆ ಬರುವುದಿಲ್ಲವೇನೋ.

ಸಂಕ್ರಾಂತಿ ಹತ್ತಿರ ಬಂತು. ಬೆಳಗಿನ ಚಳಿಯಲ್ಲಿ ಹತ್ತಿ ಬಂಡಿಗಳು ರಸ್ತೆಯ ತುದಿಯವರೆಗೆ ಸಾಲು ನಿಲ್ಲುತ್ತಿದ್ದವು. ಎತ್ತುಗಳ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಬಿಸಿಲೇರಿದ ಮೇಲೆ ಅಂಗಳದ ತುಂಬ ಅರಳೆಯ ಎಳೆಗಳು ತೇಲುತ್ತಿದ್ದವು. ಮನೆಗೆ ಹೋಗಿ ಜಡೆ ಬಿಚ್ಚಿದರೆ ಅದರೊಳಗೂ ಬಿಳಿ.

ಅಂಥ ಒಂದು ದಿನ ಆಚಾರ್ರು ಊಟದ ಹೊತ್ತಿಗೆ ಮುಂಚೆಯೇ ಬಂದರು. ಮಧ್ಯಾಹ್ನ ಅವರಿಗೆ ಪರೀಕ್ಷೆಯ ಮೇಲ್ವಿಚಾರಣೆ ಇತ್ತು. ಸಾವುಕಾರರು ಆಫೀಸಿನ ಬಾಗಿಲಲ್ಲೇ ತೆಲುಗು ಕನ್ನಡ ಬೆರೆಸಿ ಕೇಳಿದರು: “ಏಮಯ್ಯಾ ಆಚಾರಿ, ಎಂತಸೇಪು ಪಡ್ತುಂದಿ? ಎಷ್ಟೊತ್ತು ಹಿಡೀತೈತಿ? ಬಂಡಿಗಳು ನಿಂತಾವ. ಪ್ರೆಸ್ಸು ನಿಲ್ಲಿಸಂಗಿಲ್ಲ.”

“ನಿಲ್ಲಸೋದು ಬ್ಯಾಡ್ರಿ. ಕಾಟಾದ ಡ್ರೈವರ್ ಒಂದಿಷ್ಟು ತಿದ್ದೀನಿ, ಅಷ್ಟ. ಗಂಟಿ ತಂಟಿಗೆ ನಾನು ಹೋಗೇ ಇಲ್ಲ” ಎಂದರು ಆಚಾರ್ರು.

ಅದು ನಿಜವಾಗಿತ್ತು. ಗಂಟೆಯ ಡ್ರೈವರನ್ನು ಅವರು ಮುಟ್ಟಿರಲಿಲ್ಲ. ಆದರೆ ಎಲ್ಲವೂ ಒಂದೇ ತಿರುಳಿನಲ್ಲಿದ್ದುದರಿಂದ ಕಾಟಾದ್ದು ತಿದ್ದಿದರೂ ಇಡೀ ಯಂತ್ರವನ್ನೇ ಆರಿಸಿ ಎಬ್ಬಿಸಬೇಕಾಗಿತ್ತು. ಅದೂ ನಮಗೆ ಗೊತ್ತಿದ್ದದ್ದೇ.

ಅವರು ತಿಮ್ಮಪ್ಪನಿಗೆ ಯಂತ್ರ ಏಳುವವರೆಗೆ ಸ್ವಿಚ್ ಒತ್ತದೆ, ಅಲ್ಲಿಯವರೆಗಿನ ಬೇಲುಗಳನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಣಿಸಿಡಲು ಹೇಳಿದರು. ನನ್ನನ್ನು ಅಟ್ಟಕ್ಕೆ ಕಳಿಸಿದರು. ಯಂತ್ರ ಎದ್ದ ಮೇಲೆ ಕಾಟಾದ ದೀಪ ಹೊತ್ತಿಕೊಂಡರೆ ನಾನು ಅಲ್ಲಿಂದ ಕೈ ಎತ್ತಬೇಕು. ಆಫೀಸಿನ ಕಿಟಕಿಯಿಂದ ಅವರಿಗೆ ನಾನು ಕಾಣುತ್ತಿದ್ದೆ.

ನಾನು ಕಾಟಾದ ಪಕ್ಕ ನಿಂತೆ. ಪೆಟ್ಟಿಗೆ ಮುಕ್ಕಾಲು ತುಂಬಿತ್ತು. ಈರಣ್ಣನ ಎದೆಯಿಂದ ಮೇಲಿನ ಭಾಗ ಬಾಗಿಲಿನಲ್ಲಿ ಕಾಣುತ್ತಿತ್ತು. ಮೊಣಕಾಲವರೆಗೆ ಅರಳೆಯಲ್ಲಿ ಹೂತು ತುಳಿಯುತ್ತಿದ್ದ. ಹುಬ್ಬು, ಮೀಸೆ ಎಲ್ಲ ಬಿಳಿ.

“ಏನ್ ಸರೋಜಮ್ಮಾರ, ನಿಮ್ ಡ್ರೈವರ್ ಇನ್ನಾ ಎದ್ದಿಲ್ಲೇನ್ರಿ? ಚಾ ಕುಡಿಸಿ ಎಬ್ಬಸ್ರಿ ಅವನ್ನ” ಎಂದ.

ತಿಮ್ಮಪ್ಪ ನಕ್ಕ. ಆಗ ಕೆಳಗೆ ಗಂಟೆ ಹೊಡೆಯಿತು.

ಅದನ್ನು ಕೇಳಿ ನಾವು ಮೂವರೂ ಮುಗುಳ್ನಕ್ಕೆವು. ಇಷ್ಟು ವರ್ಷಗಳಾದ ಮೇಲೂ ನನ್ನನ್ನು ಬಿಡದೆ ಕಾಡುವುದು ಆ ನಗು. ಯಂತ್ರ ಎದ್ದಿತು ಎಂಬುದಷ್ಟೇ ನಮ್ಮ ತಲೆಗೆ ಹೋಯಿತು. ಇದು ಊಟದ ಹೊತ್ತಲ್ಲ, ಪಂಪು ನಡೆಯುತ್ತಿರುವಾಗ ಖಾಜಾ ಮಿಯಾನಿಗೆ ಅದು ಬೇಲು ತುಂಬಿದ ಗಂಟೆ ಎಂಬುದು ಹೊಳೆಯಲಿಲ್ಲ. ಈರಣ್ಣ “ಹಾಂ, ಎದ್ದ ನೋಡ್ರಿ!” ಎಂದ. ನಾನು ಕಾಟಾದ ದೀಪದ ಕಡೆ ತಿರುಗಿದೆ.

ಪಂಪಿನ ದನಿ ಬದಲಾಯಿತು. ಭಾರ ಹೊತ್ತಾಗ ಅದು ಗುಟುರು ಹಾಕುತ್ತಿತ್ತು.

ತಿರುಗಿ ನೋಡಿದರೆ ಈರಣ್ಣ ಮೇಲೇರುತ್ತಿದ್ದ. ಎದೆಯವರೆಗೆ ಕಾಣುತ್ತಿದ್ದವನು ಸೊಂಟದವರೆಗೆ ಕಂಡ. ಯಾವ ಆತುರವೂ ಇರಲಿಲ್ಲ ಆ ಏರುವುದಕ್ಕೆ. ಅವನಿಗೂ ಮೊದಲು ತಿಳಿಯಲಿಲ್ಲ. ಮುಖದಲ್ಲಿ ನಗು ಹಾಗೇ ಇತ್ತು. ತಲೆ ಮೇಲಿನ ಹಲಗೆಗೆ ತಾಕಿದಾಗ ಕೈಯೆತ್ತಿ ಅದನ್ನು ಮುಟ್ಟಿ ನೋಡಿದ. ಆಮೇಲೆ ಕುತ್ತಿಗೆ ಬಗ್ಗಿತು, ಬೆನ್ನು ಬಗ್ಗಿತು. ಎರಡೂ ಕೈ ಬಾಗಿಲಿನಿಂದ ಹೊರಗೆ ಚಾಚಿಕೊಂಡವು.

“ತಿಮ್ಮಾ!” ಎಂದ. ಕೂಗಲಿಲ್ಲ, ಕರೆದ ಅಷ್ಟೆ.

ತಿಮ್ಮಪ್ಪ ಅವನ ರಟ್ಟೆಗಳನ್ನು ಹಿಡಿದು, ಪೆಟ್ಟಿಗೆಗೆ ಕಾಲು ಕೊಟ್ಟು ಜಗ್ಗಿದ. ಅರಳೆ ಕಾಲನ್ನು ಬಿಡಲೊಲ್ಲದು. ನಾನು ಖಾಜಾ ಮಿಯಾನನ್ನು ಕೂಗಲು ಬಾಯಿ ತೆರೆದೆ. ದನಿಯೇ ಬರಲಿಲ್ಲ. ಈಗಲೂ ಕನಸಿನಲ್ಲಿ ಹಾಗೆಯೇ, ಬಾಯಿ ತೆರೆಯುತ್ತದೆ, ದನಿ ಇರುವುದಿಲ್ಲ. ಮೆಟ್ಟಿಲಿಳಿದು ಓಡಿದೆ. ಪಂಪ್ ಕೋಣೆಯ ಬಾಗಿಲಲ್ಲಿ ನಿಂತೆ. ಖಾಜಾ ಮಿಯಾ ಒಂದು ಕೈ ವಾಲ್ವಿನ ಮೇಲಿಟ್ಟು ಬೀಡಿ ಸೇದುತ್ತಿದ್ದ. ತಲೆಯೆತ್ತಿ ನನ್ನ ಮುಖ ನೋಡಿದ. ಅವನು ಬೀಡಿ ಉಗುಳಿ ಎರಡೂ ಕೈಯಿಂದ ವಾಲ್ವ್ ತಿರುಗಿಸಿದ. ತಿರುಗಿಸುತ್ತಲೇ ಕೇಳಿದ: “ಒಳಗ ಅದಾನೇನ್ ಬೇಟಿ? ಈರಣ್ಣ ಒಳಗ ಅದಾನೇನ್?”

ನಾನು ತಲೆಯಾಡಿಸಿದೆ. ಹೌದೆಂದೋ ಇಲ್ಲವೆಂದೋ ನನಗೇ ಗೊತ್ತಿರಲಿಲ್ಲ.

ಈರಣ್ಣ ಹೊರಗೆ ಬಂದಿದ್ದ. ಒಂದು ಕಾಲು ಮಾತ್ರ ಅರಳೆಗೂ ಬಾಗಿಲ ಚೌಕಟ್ಟಿಗೂ ನಡುವೆ ಸಿಕ್ಕಿತ್ತು. ತಳ ಇಳಿದ ಮೇಲೆ ಬಿಡಿಸಿದರು. ಪಾದ ತಿರುಚಿ ಬಾತಿತ್ತು. ಬೆನ್ನಿನ ಮೇಲೆ ಹಲಗೆಯ ಗೆರೆಗಳು ಮೂಡಿದ್ದವು. ಅವನು ಅಟ್ಟದ ಮೇಲೆ ಕಾಲು ಚಾಚಿ ಕುಳಿತು ಮೈಮೇಲಿನ ಅರಳೆಯನ್ನು ಒಂದೊಂದೇ ಎಳೆಯಾಗಿ ಕೀಳುತ್ತಿದ್ದ. ಖಾಜಾ ಮಿಯಾ ಮೆಟ್ಟಿಲು ಹತ್ತಿ ಅರ್ಧಕ್ಕೇ ನಿಂತ. ಅವನಿಂದ ಮುಂದೆ ಬರಲಾಗಲಿಲ್ಲ.

ಆಚಾರ್ರು ಕಿಟಕಿಯಲ್ಲಿ ಇನ್ನೂ ನನ್ನ ಕೈಗಾಗಿ ಕಾಯುತ್ತಿದ್ದರು.

ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ಮೂಳೆ ಮುರಿದಿರಲಿಲ್ಲ. ಸಂಜೆ ಸಾವುಕಾರರು ಒಂದೇ ಮಾತು ಹೇಳಿದರು: “ತೀಸಿ ಪಾರೇಯಿ ದಾನ್ನಿ.” ಕಿತ್ತು ಬಿಸಾಡು ಅದನ್ನ. ಹಳೆಯ ಹಾಗೆ ಗಂಟೆಗೆ ನೇರ ತಂತಿ ಹಾಕಿಸಿದರು.

ಆಚಾರ್ರು ಯಂತ್ರವನ್ನು ಬಿಸಾಡಲಿಲ್ಲ. “ಏನಾತು ಅಂತ ತಿಳೀದೆ ಒಯ್ದರ ಇದನ್ನ ಇನ್ನೊಂದು ಕಡೆ ಹಚ್ಚತೇವಿ. ಅಲ್ಲೂ ಯಾರರೆ ಇರ್ತಾರ” ಎಂದರು. ಆಫೀಸಿನ ಮೂಲೆಯಲ್ಲಿ ಗಂಟೆಯ ತಂತಿಗೆ ಒಂದು ಸಣ್ಣ ಬಲ್ಬು ಕಟ್ಟಿ ಕುಳಿತರು. ಯಂತ್ರ ಎಬ್ಬಿಸಿದಾಗಲೆಲ್ಲ ಬಲ್ಬು ಮಿಣಕ್ಕೆಂದು ಆರುತ್ತಿತ್ತು. ಮೂಲ ಬರಹವನ್ನು ಮುದ್ರಿಸಿಕೊಂಡು ಸಾಲು ಸಾಲಾಗಿ ಬೆರಳಿಟ್ಟು ಓದತೊಡಗಿದರು. ಎದುರಿಗೆ ನಾನು.

ಸಿಕ್ಕಿತು. ಗಂಟೆಗೆ ನಾವು ಬಳಸುತ್ತಿದ್ದ ಡ್ರೈವರು ಮೂಲದಲ್ಲಿ ಪ್ರಿಂಟರಿಗಾಗಿ ಬರೆದದ್ದು. ಯಂತ್ರ ಎದ್ದ ಕೂಡಲೇ ಪ್ರಿಂಟರನ್ನು ಒಮ್ಮೆ ತಟ್ಟಿ ಎಬ್ಬಿಸುವ ಸಾಲೊಂದು ಅದರಲ್ಲಿತ್ತು. ಬರೆದವರ ತಪ್ಪೇನೂ ಇಲ್ಲ. ಪ್ರಿಂಟರಿಗೆ ಅದು ಬೇಕು. ಪ್ರಿಂಟರ್ ಇರಬೇಕಾದ ತಂತಿಗೆ ನಾವು ಗಂಟೆ ಕಟ್ಟಿದ್ದೆವು. ಗಂಟೆಯ ಆಚೆ ಖಾಜಾ ಮಿಯಾನ ಕೈ ಇತ್ತು. ಆ ಕೈಯ ಆಚೆ ಈರಣ್ಣ.

ಆಚಾರ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎಲ್ಲಾ ತೆರದೇ ಇತ್ತಲ್ಲ ಸರೋಜಾ. ಯಾರು ಬೇಕಾದ್ರೂ ಓದಬಹುದಿತ್ತು. ನಾನು ನನಗ ಬೇಕಾದ ಪುಟಗಳನ್ನಷ್ಟ ಓದಿದೆ.”

ಆ ಸಾಲನ್ನು ತೆಗೆದರು. ಸ್ವಿಚ್ ಒತ್ತುವವರೆಗೂ ಗಂಟೆಯ ತಂತಿ ಸತ್ತಂತಿರಬೇಕು ಎಂದು ಹೊಸದಾಗಿ ಬರೆದರು. ಮುಂದೆ ಓದುವವರಿಗಾಗಿ ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿಯನ್ನೂ ಸೇರಿಸಿದರು. ಅದರ ಅರ್ಥ ಇಷ್ಟು: ಈ ತಂತಿಯ ಆ ತುದಿಯಲ್ಲಿ ಏನಿದೆಯೆಂದು ಇಲ್ಲಿಂದ ಕಾಣುವುದಿಲ್ಲ, ಮನುಷ್ಯ ಇರಬಹುದು. ಆ ತಿದ್ದುಪಡಿಯನ್ನು ಫ್ಲಾಪಿಗಳಲ್ಲಿ ಹಾಕಿ ಸ್ನೇಹಿತರಿಗೆಲ್ಲ ಕಳಿಸಿದರು. ಅವರಲ್ಲಿ ಯಾರು ಅದನ್ನು ಓದಿದರೋ, ಯಾರು ತಮಗೆ ಬೇಕಾದ ಪುಟಗಳನ್ನಷ್ಟೇ ಓದಿದರೋ ನನಗೆ ತಿಳಿಯದು. ಇವತ್ತಿಗೂ ನನ್ನ ಫೋನು ‘ಹೊಸದಾಗಿ ತಿದ್ದಿದ್ದೇವೆ, ಆರಿಸಿ ಎಬ್ಬಿಸಲೇ?’ ಎಂದು ಕೇಳಿದರೆ, ಒತ್ತುವ ಮೊದಲು ಮನೆಯಲ್ಲಿ ಯಾರ್ಯಾರು ಎಲ್ಲೆಲ್ಲಿದ್ದಾರೆ ಎಂದು ನೋಡುತ್ತೇನೆ. ಮಕ್ಕಳು ನಗುತ್ತಾರೆ.

ಸಂಕ್ರಾಂತಿ ಕಳೆದು ಈರಣ್ಣ ಕುಂಟುತ್ತಾ ಬಂದ. ಪೆಟ್ಟಿಗೆಗಿಳಿಯಲು ಬೇರೆ ಆಳು ಸಿಕ್ಕಿದ್ದ, ಆದರೆ ಅವನಿಗೆ ತುಳಿತ ಬರುತ್ತಿರಲಿಲ್ಲ, ಬೇಲುಗಳು ಸೊಟ್ಟಗಾಗುತ್ತಿದ್ದವು. ಸಾವುಕಾರರಿಗೆ ಈರಣ್ಣ ಬೇಕಾಗಿತ್ತು, ಯಂತ್ರದ ಎಣಿಕೆಯೂ ಮತ್ತೆ ಬೇಕೆನಿಸಿತ್ತು. ಈರಣ್ಣ ಒಪ್ಪಿದರೆ ಮಾತ್ರ ಗಂಟೆಯನ್ನು ಮತ್ತೆ ಯಂತ್ರಕ್ಕೆ ಕಟ್ಟುವುದೆಂದು ಆಚಾರ್ರು ಹಟ ಹಿಡಿದರು.

“ಪಂಪು ನಡೀತಿರಲಿ. ನಾನೇ ಪೆಟಿಗಿಯೊಳಗ ನಿಲ್ತೀನಿ ಈರಣ್ಣಾ. ಸರೋಜಾ ಯಂತ್ರ ಎಬ್ಬಸಲಿ. ನೀನು ನೋಡು” ಎಂದರು.

ನಾನು ಕಂಪ್ಯೂಟರಿನ ಮುಂದಿನಿಂದ ಎದ್ದು ನಿಂತೆ.

ಈರಣ್ಣ ಅವರನ್ನು ಮೇಲಿಂದ ಕೆಳಗೆ ನೋಡಿದ. “ಬ್ಯಾಡ್ರಿ ಸ್ವಾಮಿ. ನೀವು ಒಂದ್ ಸಲ ನಿಂತು ಇಳದ್ ಹೋಗ್ತೀರಿ. ನಾ ದಿನಾ ನಿಲ್ಲಾಂವ. ಅದಲ್ಲದ ನಿಮ್ ಪಂಚೆಕ ಅರಳಿ ಹತ್ತಿದ್ರ ನಿಮ್ ಅತ್ತಿಗಿ ಒಳಗ ಬಿಟ್ಕೊಳ್ಳಂಗಿಲ್ಲ.” ಆಮೇಲೆ ಆಫೀಸಿನ ಕುರ್ಚಿ ಎಳೆದು ಪರದೆಯ ಎದುರು ಕುಳಿತ. “ನಾ ಇಲ್ಲಿ ಕುಂತೀನಿ. ಎಬ್ಬಸ್ರಿ.”

ಆಚಾರ್ರು ಗಂಟೆಯ ತಂತಿಯನ್ನು ಯಂತ್ರಕ್ಕೆ ಸಿಕ್ಕಿಸಿ ಎಬ್ಬಿಸಿದರು. ಪಂಪ್ ಕೋಣೆಯ ಕಡೆ ಎಲ್ಲರೂ ಕಿವಿಗೊಟ್ಟೆವು. ಗಂಟೆ ಹೊಡೆಯಲಿಲ್ಲ.

“ಇನ್ನೊಮ್ಮಿ” ಎಂದ ಈರಣ್ಣ.

ಹೊಡೆಯಲಿಲ್ಲ.

“ಇನ್ನೊಮ್ಮಿ.”

ಎಷ್ಟು ಸಲವೋ ನಾನು ಎಣಿಸಲಿಲ್ಲ. ಆಚಾರ್ರು ಒಂದು ಸಲವೂ ಸಾಕೇ ಎಂದು ಕೇಳಲಿಲ್ಲ. ಕೊನೆಗೆ ಈರಣ್ಣನೇ ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಇಟ್ಟು, ಅಟ್ಟಕ್ಕೆ ಹೋಗಿ ಪೆಟ್ಟಿಗೆಗೆ ಇಳಿದ. ಒಳಗಿನಿಂದ ತುಳಿತದ ಸದ್ದು ಮೊದಲು ನಿಧಾನಕ್ಕೆ, ಆಮೇಲೆ ಹಳೆಯ ಲಯಕ್ಕೆ ಬಂತು.

ಬೇಲು ತುಂಬಿತು. ಈರಣ್ಣ ಹೊರಗೆ ಬಂದ, ತಿಮ್ಮಪ್ಪ ಅಗಳಿ ಜಡಿದು ಸ್ವಿಚ್ ಒತ್ತಿದ. ಕೆಳಗೆ ಗಂಟೆ ಹೊಡೆಯಿತು. ಪಂಪು ಗುಟುರು ಹಾಕಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಖಾಜಾ ಮಿಯಾ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದ. ಅಗಳಿ ಮುಟ್ಟಿ ನೋಡಿದ. ಈರಣ್ಣನನ್ನು ನೋಡಿದ. ಆ ದಿನದಿಂದ ಒಂದೇ ಮನೆಯಲ್ಲಿದ್ದೂ ಅವರಿಬ್ಬರ ನಡುವೆ ಮಾತಿರಲಿಲ್ಲವೆಂದು ತಿಮ್ಮಪ್ಪ ಹೇಳಿದ್ದ. ಈಗಲೂ ಆಡಲಿಲ್ಲ. ಈರಣ್ಣ ಹೊರಗೆ ನಿಂತಿದ್ದಾನೆಂದು ಕಣ್ಣಿಂದ ಕಂಡು, ಖಾಜಾ ಮಿಯಾ ಇಳಿದು ಹೋಗಿ ವಾಲ್ವ್ ತಿರುಗಿಸಿದ.

ಮುಂದಿನ ಬೇಲು ತುಂಬಿದಾಗಲೂ ಮೆಟ್ಟಿಲು ಹತ್ತಿ ಬಂದ. ಅದರ ಮುಂದಿನದಕ್ಕೂ. ಸಾವುಕಾರರು ಒಂದೆರಡು ಸಲ ಅಂಗಳದಿಂದ ನೋಡಿ ಬಂಡಿಗಳ ಕಡೆ ಹೋದರು. ಹೊರೆ ಹೊರುವವರು ಕಾಯುವುದನ್ನು ಕಲಿತರು. ಮಾಘ ಕಳೆಯಿತು, ಬಿಸಿಲು ಚುರುಕಾಯಿತು, ತಗಡಿನ ಕೆಳಗೆ ಅಟ್ಟ ಒಲೆಯಾಯಿತು. ಗಂಟೆ ಸುಳ್ಳಾಗಿ ಒಂದು ಸಲವೂ ಹೊಡೆಯಲಿಲ್ಲ. ಖಾಜಾ ಮಿಯಾ ಹತ್ತುವುದನ್ನು ಬಿಡಲಿಲ್ಲ.

ಸೀಜನ್ ಮುಗಿಯುತ್ತಾ ಬಂದಿತ್ತು. ಮೆಟ್ಟಿಲ ನಡುವೆ ಉಸಿರು ತಿರುಗಿಸಿಕೊಳ್ಳಲು ನಿಂತಿದ್ದ ಅವನನ್ನು ಕಂಡು ನನಗೆ ತಡೆಯಲಾಗಲಿಲ್ಲ.

“ಖಾಜಾ ಮಿಯಾ, ಆಚಾರ್ರು ಸರಿ ಮಾಡ್ಯಾರಲ್ಲ. ಗಂಟಿ ಈಗ ಸರಿ ಐತಿ. ಯಾಕ ಸುಮ್ನ ಮಂಡಿ ನೋವ್ ಮಾಡ್ಕೋತೀ?”

ಅವನು ಕಂಬಿ ಹಿಡಿದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟ.

“ಗಂಟಿ ಸರಿ ಐತಿ ಬೇಟಿ” ಎಂದ. “ತಿರುವೋ ಕೈ ನಂದು.”